ಕೆಂಬೇನೆಯ ಓಕುಳಿ

ಒಂದೂರಿನಲ್ಲಿ ಒಬ್ಬಳು ತಾಯಿ ಇದ್ದಳಂತೆ. ಅವಳಿಗೆ ಕೆಂಬೇನೆ ತಗುಲಿತು. ಅನ್ನ ಬೂದಿಯಾಯಿತು, ಬಿಸಿಲು ಬೆಂಕಿಯಾಯಿತು, ತೊಟ್ಟಿಲ ಕೂಸಿನ ನೆತ್ತರು ಘಮಘಮಿಸಿತು. ನೆರೆಯವಳು ಅರಿಶಿನ-ಸುಣ್ಣ ಕದಡಿದ ಕೆಂಪು ಓಕುಳಿಯನ್ನು ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಚೆಲ್ಲಿ, ಹಿಂತಿರುಗಿ ನೋಡದೆ ಬಂದ ಮೇಲೆಯೇ ಬೇನೆ ಇಳಿದದ್ದು.

ಭದ್ರಾವತಿಯ ಓಲ್ಡ್ ಟೌನಿನ ಕರಿಬಸಮ್ಮ ಹೇಳುತ್ತಿದ್ದ ಈ ಕತೆಯನ್ನು ಮೊಮ್ಮಗಳು ಸಂಘಮಿತ್ರಾ ತನ್ನ ವಿಡಿಯೋ ಗೇಮಿಗೆ ಇಳಿಸಿದ್ದಳು. ಆ ಗೇಮಿನ ತಪ್ಪು ಹುಡುಕುವ ಕೆಲಸಕ್ಕೆ ಮೈಸೂರಿನಿಂದ ಬಂದ ಗಗನಾ, ಅವರ ಮನೆಯ ಹಿಂದಿನ ಕೋಣೆಯಲ್ಲೇ ಬಾಡಿಗೆಗಿದ್ದಳು.

"ಈ ಕತೆ ಅರ್ಧಕ್ಕೆ ಬಿಡಬಾರದು ಕಣೆ. ಬೇನೆ ತಗುಲಿಸ್ಕೊಂಡ್ರೆ ದೀಪ ಹಚ್ಚೋದ್ರೊಳಗೆ ಓಕುಳಿ ಚೆಲ್ಲಿ ಏಳು," ಎಂದಿದ್ದರು ಅಜ್ಜಿ.

"ಆಯ್ತಜ್ಜಿ, ಚೆಲ್ತೀನಿ. ಬೇಕಾದ್ರೆ ನಿಮ್ಮ ಬೇನೆಗೆ ಆಂಟಿವೈರಸ್ಸೂ ಹಾಕಿಸ್ತೀನಿ," ಎಂದು ನಕ್ಕಿದ್ದಳು ಗಗನಾ.

ಚೆಲ್ಲಲಿಲ್ಲ. ಬೇನೆ ತಗುಲಿದ ಅವಳ ಪಾತ್ರಕ್ಕೆ ಕತ್ತಲಲ್ಲೂ ಕಣ್ಣು ಕಾಣುತ್ತಿತ್ತು, ಒಂದೇ ಏಟಿಗೆ ಗೋಡೆ ಒಡೆಯುತ್ತಿತ್ತು. ಆ ಬಲ ಬಿಡಲು ಮನಸ್ಸಾಗದೆ ಹಾಗೇ ಸೇವ್ ಮಾಡಿ ಮಲಗಿದಳು.

ಬೆಳಿಗ್ಗೆ ಉಪ್ಪಿಟ್ಟು ಬೂದಿಯಂತಿತ್ತು. ಕಿಟಕಿಯ ಬಿಸಿಲು ತಾಗಿದ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕಿಟಕಿಗೆ ಕಂಬಳಿ ಕಟ್ಟಿ, ಗೇಮ್ ತೆರೆದು ಓಕುಳಿ ಎತ್ತಹೋದರೆ ಪಾತ್ರದ ಕೈ ಏಳಲೊಲ್ಲದು. ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಬೇನೆಯವರು ತಮಗೆ ತಾವೇ ನಿವಾಳಿಸಿಕೊಳ್ಳುವಂತಿಲ್ಲ.

ಸಂಘಮಿತ್ರಾ ಮಾಚೇನಹಳ್ಳಿಯ ಆಫೀಸಿಗೆ ಹೋಗಿದ್ದಳು. ಮನೆಯಲ್ಲಿ ಅಜ್ಜಿಯೊಬ್ಬರೇ. ಸಂಜೆಯ ಹೊತ್ತಿಗೆ ಕೋಣೆಯ ಕತ್ತಲೆಗೆ ಒದ್ದೆ ಕಬ್ಬಿಣದ ವಾಸನೆ. ಗೋಡೆಯಾಚೆಯಿಂದ ಆ ಮುದಿ ಎದೆಯ ಬಡಿತ ಕೇಳಿಸುತ್ತಿತ್ತು. ಗಗನಾಳ ಬಾಯಲ್ಲಿ ನೀರೂರಿತು. ನಡೆದದ್ದನ್ನು ಕೂಗಿ ಹೇಳಿ, ಹೊರಗಿನಿಂದ ಚಿಲಕ ಹಾಕಿಬಿಡಿ ಎಂದು ಅಜ್ಜಿಯನ್ನು ಬೇಡಿಕೊಂಡಳು.

ಅಜ್ಜಿ ಹಾಕಲಿಲ್ಲ. ಓಕುಳಿಯ ತಟ್ಟೆ ಹಿಡಿದು ಒಳಬಂದು ನಿವಾಳಿಸಿದರು.

"ಹಿಂದಿಂದ ಕರೀಬೇಡ, ಮಾರಾಯ್ತಿ."

ಅವರ ಹೆಜ್ಜೆ ದೂರವಾದಷ್ಟೂ ದಾಹ ಏರಿತು. ಗಗನಾ ತುಟಿ ಕಚ್ಚಿದಳು. ನಾಲಿಗೆ ಅವಳ ಮಾತು ಕೇಳಲಿಲ್ಲ. "ಅಜ್ಜಿ..."

ಕರಿಬಸಮ್ಮ ತಿರುಗಿದರು. ತಟ್ಟೆ ಬೀದಿಯಲ್ಲೇ ಕವುಚಿತು.

ಗಗನಾಳ ದಾಹ ಆ ಕ್ಷಣವೇ ಆರಿತು; ಬೇನೆ ತಿರುಗಿದವರಿಗೆ ದಾಟಿತ್ತು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತೂರಾಡುತ್ತ ಬಂದು, ಅವಳನ್ನು ಆಚೆ ತಳ್ಳಿ, ಅದೇ ಕೋಣೆ ಹೊಕ್ಕರು.

"ಈಗ ಹಾಕು ಚಿಲಕ."

ಹಾಕಿದಳು. ಅಡುಗೆಮನೆಗೆ ಓಡಿದಳು. ಅರಿಶಿನ. ಸುಣ್ಣ. ನೀರು ಕೆಂಪಾಯಿತು. ಚಿಲಕ ತೆಗೆದಳು. ಮೂಲೆಯಲ್ಲಿ ಎರಡು ಕಣ್ಣು ಹೊಳೆದವು. ನಿವಾಳಿಸಿದಳು. ನಡೆದಳು. ಹೊತ್ತು ಮುಳುಗುತ್ತಿತ್ತು. ಹಿಂದೆ ಬರಿಗಾಲಿನ ಸದ್ದು.

"ಗಗನಾ, ಒಂದು ಕತೆ ಹೇಳ್ತೀನಿ. ತಿರುಗು."

ಅಜ್ಜಿಯದೇ ದನಿ. ಕಿವಿಗೇ ಉಸಿರು ತಾಗಿತು. ತಣ್ಣನೆಯ ಉಸಿರು. ತಿರುಗಲಿಲ್ಲ. ಮೂರು ದಾರಿ ಬಂತು. ಚೆಲ್ಲಿದಳು. ಕಣ್ಣು ನೆಲಕ್ಕೆ ನೆಟ್ಟು ಮನೆಗೆ ನಡೆದಳು.

ಜಗಲಿಯಲ್ಲಿ ಕರಿಬಸಮ್ಮ ದೀಪ ಹಚ್ಚುತ್ತಿದ್ದರು. ಬೆಳಕಿಗೆ ಮುಖ ಒಡ್ಡಿ ಏನೋ ಹೇಳಹೋದರು. ತುಟಿ ಆಡಿತು, ದನಿ ಬರಲಿಲ್ಲ. ಆ ದನಿ ಗಗನಾಳ ಬೆನ್ನ ಹಿಂದೆ, ಮೂರು ದಾರಿಯಲ್ಲಿ, ಕತೆ ಶುರುಮಾಡಿತ್ತು:

"ಒಂದೂರಿನಲ್ಲಿ ಒಬ್ಬಳು ತಾಯಿ ಇದ್ದಳಂತೆ..."

ಗಗನಾ ತಿರುಗದೆ ಹೊಸಿಲು ದಾಟಿದಳು.