ವಿರಾಮಕ ಕಂಡ ಮುಷ್ಟಿ

ವಿರಾಮಕ ತಂದ ಮೊದಲ ದಿನ ಚೈತ್ರಾ ಮುಷ್ಟಿಯಲ್ಲಿ ಆಹಾರದ ಕಾಳು ಹಿಡಿದು ಮೀನಿನ ತೊಟ್ಟಿಯ ಮೇಲೆ ಕೈ ಚಾಚಿದಳು. ತೊಟ್ಟಿಯ ಅಂಚಿನಲ್ಲಿ ಹುಣಸೆ ಬೀಜದಷ್ಟೇ ಇದ್ದ ಆ ಕ್ಯಾಮೆರಾ ಯಂತ್ರ ಅದನ್ನು ಕಂಡಿತು. ಫಿಲ್ಟರ್ ತಾನಾಗಿಯೇ ನಿಂತಿತು. ಕಾಳು ನೀರಿಗೆ ಬಿತ್ತು. ಹತ್ತು ನಿಮಿಷ ಕಳೆದ ಮೇಲೆ ಫಿಲ್ಟರ್ ಮತ್ತೆ ಹೊರಟಿತು. ಯಾರೂ ಸ್ವಿಚ್ ಮುಟ್ಟಲಿಲ್ಲ.

ಹಿಂದೆ ಮೀನು ಸಾಕುವವರ ಪಾಡು ಬೇಡವೇ ಬೇಡ. ಫಿಲ್ಟರ್ ಓಡುತ್ತಿದ್ದರೆ ಹಾಕಿದ ಆಹಾರವನ್ನೆಲ್ಲ ಅದೇ ಎಳೆದುಕೊಳ್ಳುತ್ತಿತ್ತು. ಆರಿಸಿದರೆ ಮತ್ತೆ ಹಾಕುವುದು ಮರೆತುಹೋಗುತ್ತಿತ್ತು. ಮರೆತರೆ ಕೆಟ್ಟಿತು! ಫಿಲ್ಟರಿನ ಸ್ಪಂಜಿನಲ್ಲಿ ನೀರಿನ ವಿಷವನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳಿರುತ್ತವೆ. ನೀರು ಹರಿಯದಿದ್ದರೆ ಅವು ಉಸಿರಿಲ್ಲದೆ ಸತ್ತು ಕೊಳೆಯುತ್ತವೆ, ಆ ಕೊಳೆ ತೊಟ್ಟಿಗೇ ವಾಪಸು ಬರುತ್ತದೆ. ಈ ಮರೆವಿಗೆ ಮದ್ದೆಂದು ವಿರಾಮಕ ಬಂದ ಮೇಲೆ ದಾವಣಗೆರೆಯ ಮನೆಮನೆಯಲ್ಲೂ ಮೀನಿನ ತೊಟ್ಟಿ ಕಾಣಿಸಿಕೊಂಡಿತು.

ಇಷ್ಟೆಲ್ಲ ಇದ್ದೂ ಈಗ ಚೈತ್ರಾಳ ಐದು ಡಿಸ್ಕಸ್ ಮೀನುಗಳಲ್ಲಿ ಎರಡು ಸತ್ತಿದ್ದವು. ತಟ್ಟೆಯಂತೆ ದುಂಡಗಿನ, ಬಲು ನಾಜೂಕಿನ ಜೀವಗಳು. ಉಳಿದ ಮೂರು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಅವಳು ಫೋನಿನಲ್ಲಿ ವಿರಾಮಕದ ದಾಖಲೆ ತೆಗೆದಳು. ಅದರಲ್ಲಿ ಕಾಣುವುದು ಕಳೆದ ಹತ್ತು ದಿನದ್ದು ಮಾತ್ರ. ಬೆಳಗಿನ ಊಟದ ಲೆಕ್ಕ ಬಿಟ್ಟರೆ ದಿನಾ ಮಧ್ಯಾಹ್ನ ಎರಡೂವರೆಗೆ ಒಂದೇ ಮಾತು: ‘ಕೈ ಬಂತು, ನಿಲ್ಲಿಸಿದೆ.’ ಆ ಹೊತ್ತಿಗೆ ಚೈತ್ರಾ ಊಟ ಮುಗಿಸಿ ಮಲಗಿರುತ್ತಾಳೆ. ಗಂಡ ಅಂಗಡಿಯಲ್ಲಿರುತ್ತಾನೆ. ಹಾಗಾದರೆ ಆ ಕೈ ಯಾರದು?

ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು? ಮಹಡಿಯ ಮೇಲೆ ಮೈದುನನ ಸಂಸಾರ, ಅಂದರೆ ವಾರಗಿತ್ತಿ ರೂಪಶ್ರೀ. ಒಂದೂವರೆ ತಿಂಗಳ ಹಿಂದೆ ಅವಳು ತೊಟ್ಟಿಯ ಮುಂದೆ ಕೂತು, ಎಷ್ಟು ಚೆಂದ ಇದಾವಕ್ಕ ಎಂದು ಹೊಗಳಿ ಹೋಗಿದ್ದಳು. ಮರುದಿನವೇ ಒಂದು ಮೀನು ಆಹಾರ ಮುಟ್ಟಲಿಲ್ಲ. ಅಂದಿನಿಂದ ಚೈತ್ರಾ ಪ್ರತಿ ಮುಸ್ಸಂಜೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತೊಟ್ಟಿಗೆ ಮೂರು ಸಲ ಸುತ್ತಿಸಿ ದೃಷ್ಟಿ ತೆಗೆದಳು. ಆದರೂ ಆ ಮೀನು ಸತ್ತಿತು. ಅದು ಸತ್ತ ದಿನ ಚೈತ್ರಾ ಮೆಟ್ಟಿಲ ಬುಡದಲ್ಲಿ ನಿಂತು, “ಇನ್ಮೇಲೆ ನಿನ್ನ ಕಣ್ಣು ನನ್ನ ಮೀನಿನ ಮೇಲೆ ಬೀಳಬಾರದು” ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು. ರೂಪಶ್ರೀ ಎದುರಾಡಲಿಲ್ಲ. ಎದುರಾಡದೆ ಇದ್ದದ್ದೇ ಚೈತ್ರಾಳಿಗೆ ಇನ್ನಷ್ಟು ಅನುಮಾನ. ಮೊದಲು ಕಣ್ಣು ಹಾಕಿದಳು, ಈಗ ಕೈಯನ್ನೇ ಹಾಕುತ್ತಿದ್ದಾಳೆ!

ಮನೆಯೊಳಗಿನ ಮೆಟ್ಟಿಲಿಗೆ ಅಡ್ಡ ಗೋಡೆ ಎಬ್ಬಿಸಿ ಮೇಲಿನವರಿಗೆ ಹೊರಗಿನಿಂದಲೇ ದಾರಿ ಮಾಡಬೇಕೆಂದು ಅವಳು ಹಟ ಹಿಡಿದಳು. ಇಪ್ಪತ್ತೆರಡು ವರ್ಷ ಒಂದೇ ಹಬ್ಬದಡುಗೆ ಉಂಡ ಮನೆ ಅದು. ಅಣ್ಣತಮ್ಮಂದಿರು ಪುರಾವೆ ಕೇಳಿದರು. ಪುರಾವೆ ತಾನೇ, ಕೊಡೋಣ ಎಂದು ಅವಳು ವಿರಾಮಕ ತಯಾರಿಸಿದ ತಂಡದ ವಿಜ್ಞಾನಿ ಕೊಟ್ರೇಶನನ್ನೇ ಮನೆಗೆ ಕರೆಸಿದಳು.

ಕೊಟ್ರೇಶ ಬಂದವನೇ ಮೋಟಾರು ಬಿಚ್ಚಿ ನೋಡಿದ. ಈ ಊರಲ್ಲೇ ಹದಿನೇಳು ಮನೆಗಳಿಂದ ಮೀನು ಸಾಯುತ್ತಿವೆ ಎಂಬ ಇಂಥದ್ದೇ ದೂರು ಬಂದು, ಹದಿನೇಳೂ ಕಡೆ ಮೋಟಾರು ಬದಲಿಸಿದ್ದಾಗಿ ಬೇಜಾರಿನಿಂದ ಹೇಳಿದ.

“ಮೋಟಾರು ಬಿಡ್ರಿ. ಆ ಕೈ ತೋರಿಸ್ರಿ,” ಎಂದಳು ಚೈತ್ರಾ.

ಕೈಗಳ ಗುರುತು ಕಲಿಯಲೆಂದು ವಿರಾಮಕ ತಂಡದವರಿಗಷ್ಟೇ ಕಾಣುವ ಚಿತ್ರ ತೆಗೆದಿಟ್ಟುಕೊಳ್ಳುತ್ತದೆ. ಕೊಟ್ರೇಶ ಎರಡೂವರೆಯ ಚಿತ್ರ ತೆರೆದ. ಮುಖದ ಒಂದು ಪಕ್ಕ ಮಾತ್ರ ಕಾಣುತ್ತಿತ್ತು, ಆದರೆ ಆ ಹೆರಳು, ಆ ಓಲೆ ರೂಪಶ್ರೀಯವೇ. ಚೈತ್ರಾ ಗೆದ್ದವಳಂತೆ ಗಂಡನಿಗೆ ಫೋನು ಮಾಡಹೊರಟಳು. ಕೊಟ್ರೇಶ ತಡೆದು ಆ ಮುಷ್ಟಿಯನ್ನು ದೊಡ್ಡದು ಮಾಡಿದ. ಬೆರಳ ಸಂದಿಯಲ್ಲಿ ಕಲ್ಲುಪ್ಪು, ಮೆಣಸಿನಕಾಯಿಯ ತೊಟ್ಟು. ಚಿತ್ರಗಳನ್ನು ಓಡಿಸಿದರೆ ಕೈ ತೊಟ್ಟಿಯ ಮೇಲೆ ಮೂರು ಸುತ್ತು ಸುತ್ತಿ ಹಿಂದೆ ಸರಿಯಿತು.

ಅವನು ತಲೆ ಕೆರೆದುಕೊಂಡ. ಅವನು ದೂರದೂರಿಂದ ಬಂದಾಗಲೆಲ್ಲ ಅವನ ತಾಯಿ ಬಾಗಿಲಲ್ಲೇ ನಿಲ್ಲಿಸಿ ಹೀಗೇ ಸುತ್ತಿಸುತ್ತಾರೆ. ಪ್ರಯೋಗಾಲಯದಲ್ಲಿ ಕೂತಾಗ ಮಾತ್ರ ಆ ನೆನಪೇ ಬಂದಿರಲಿಲ್ಲ.

“ಮುಷ್ಟಿ ಬಂದರೆ ಊಟ ಬಂತು ಅಂತ ಇದಕ್ಕೆ ಕಲಿಸಿದೀವಿ ಮೇಡಂ. ಕಾಳು ನೀರಿಗೆ ಬೀಳೋವರೆಗೂ ಫಿಲ್ಟರ್ ನಿಲ್ಲಿಸಿ ಕಾಯುತ್ತೆ.”

“ಬೀಳದಿದ್ರೆ?”

“ಕಾಯ್ತಾನೇ ಇರುತ್ತೆ. ಆಮೇಲೆ ಬಂದ ಮುಷ್ಟಿ ದಾಖಲೆಗೂ ಸೇರಲ್ಲ. ಮುಷ್ಟಿ ತುಂಬ ಹಿಡಿದು ಬಂದು ಏನೂ ಹಾಕದೆ ಹೋಗೋರು ಇರ್ತಾರೆ ಅಂತ ನಮಗೆ ಹೊಳೀಲಿಲ್ಲ.”

ಅಂದರೆ ಮರುದಿನ ಬೆಳಗಿನ ಊಟ ಬೀಳುವವರೆಗೆ ಫಿಲ್ಟರ್ ಸತ್ತಂತೆ. ಚೈತ್ರಾ ಲೆಕ್ಕ ಹಾಕುತ್ತಿದ್ದಂತೆ ಅವನು ಹಳೆಯ ಚಿತ್ರಗಳನ್ನೂ ತೆರೆದ. ಮೊದಲ ಮೀನು ಸಾಯುವ ಮುಂಚಿನ ವಾರಗಳು. ಅಲ್ಲಿ ಮಧ್ಯಾಹ್ನದ ಕೈ ಇರಲೇ ಇಲ್ಲ. ಪ್ರತಿ ಮುಸ್ಸಂಜೆ ಇನ್ನೊಂದು ಮುಷ್ಟಿ ಬಂದು, ಮೂರು ಸುತ್ತು ಸುತ್ತಿ, ಫಿಲ್ಟರನ್ನು ರಾತ್ರಿಯಿಡೀ ನಿಲ್ಲಿಸಿತ್ತು. ಅದನ್ನು ದೊಡ್ಡದು ಮಾಡುವ ಅಗತ್ಯ ಬೀಳಲಿಲ್ಲ. ಚೈತ್ರಾ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಕೊಟ್ರೇಶ ಅವಳನ್ನು ನೋಡದೆ, ವಿರಾಮಕಕ್ಕೆ ಹೊಸ ಪಾಠ ಕಲಿಸುವುದಾಗಿಯೂ ಹದಿನೇಳು ಮನೆಗಳಿಗೆ ಮತ್ತೆ ಹೋಗಬೇಕೆಂದೂ ಹೇಳಿ ಸಾಮಾನು ಕಟ್ಟತೊಡಗಿದ. ಆಮೇಲೆ ಏನೋ ತೋಚಿದವನಂತೆ ನಿಂತ.

“ಒಂದು ಅರ್ಥ ಆಗ್ಲಿಲ್ಲ ಮೇಡಂ. ಈ ಅಮ್ಮ ಒಂದು ದಿನಾನೂ ಮೀನು ನೋಡಿಲ್ಲ. ಎಲ್ಲ ಚಿತ್ರದಲ್ಲೂ ಮುಖ ಗೋಡೆ ಕಡೆಗಿದೆ, ಕಣ್ಣು ಮುಚ್ಕೊಂಡಿದಾರೆ. ಯಾಕೆ?”

ಚೈತ್ರಾ ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು. ಎರಡು ಸಲ ಕೂಗಿದಳು. ಎರಡನೆಯ ಸಲ ಮೇಲೆ ಬಾಗಿಲು ತೆರೆಯಿತು. ರೂಪಶ್ರೀ ಬಂದು ಮೇಲಿನ ಮೆಟ್ಟಿಲಲ್ಲೇ ತಲೆ ತಗ್ಗಿಸಿ ನಿಂತಳು.

“ಕೆಳಗೆ ಬಾ ರೂಪಾ,” ಎಂದಳು ಚೈತ್ರಾ. “ಮೂರು ಉಳಿದಿದಾವೆ. ಕಣ್ತುಂಬ ನೋಡು ಬಾ.”