ಅರ್ಧ ಮೀಸೆಯ ಹೆಡ್‌ಮಾಸ್ಟರು

ಹೆಡ್‌ಮಾಸ್ಟರ ಮೀಸೆಯ ಎಡಭಾಗ ನೆಲದ ಮೇಲೆ ಬಿದ್ದಿತ್ತು. ಬಲಭಾಗ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಮುಖದ ಮೇಲೆ ಠೀವಿಯಿಂದ ನಿಂತಿತ್ತು.

"ತುದಿ ಒಂಚೂರು ಕತ್ತರಿಸು ಅಂದಿದ್ದೆ ಕಣಯ್ಯಾ," ಎಂದರು ಅವರು, ಕನ್ನಡಿ ನೋಡುತ್ತ.

ಅಪ್ಪ ಕೈಯಲ್ಲಿದ್ದ ಟ್ರಿಮ್ಮರನ್ನು ನೋಡಿದ. ನೆಲದ ಮೇಲಿನ ಮೀಸೆಯನ್ನು ನೋಡಿದ. "ಗಮನ ಎಲ್ಲೋ ಇತ್ತು ಸರ್," ಎಂದಷ್ಟೇ ಹೇಳಿದ.

ಸ್ಟೂಲಿನ ಮೇಲೆ ಕೂತಿದ್ದ ಮಗಳು ಪಟಾಕಿಯ ಬಾಯಿ ಆ ಸಂಜೆ ಮೊದಲ ಸಲ ಮುಚ್ಚಿತು. ಆ ಹೆಸರು ಇಟ್ಟವರು ಸಲೂನಿನ ಗಿರಾಕಿಗಳು. ಮೊದಲು ಅಪ್ಪನೇ ಮಾತಿನಮಲ್ಲ. ಒಂದು ಕಟಿಂಗಿಗೆ ಮೂರು ಸುಳ್ಳು ಕತೆ ಉಚಿತ. ಕತೆ ಮುಗಿಯುವ ಮುನ್ನ ಏಳಲಾರದೆ ಒಬ್ಬರು ಎರಡೆರಡು ಸಲ ಗಡ್ಡ ಬೋಳಿಸಿಕೊಂಡದ್ದೂ ಉಂಟು.

ಈಚೆಗೆ ಅಪ್ಪ ಬಾಯಿಗೆ ಬೀಗ ಹಾಕಿಕೊಂಡಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಎದುರಂಗಡಿಗೆ ಜಾರುತ್ತಿದ್ದರು. ಅದಕ್ಕೇ ಶಾಲೆ ಬಿಟ್ಟ ಮೇಲೆ ಪಟಾಕಿ ಬಂದು ಅಪ್ಪನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಇವತ್ತಿನ ವಿಷಯ, ಗಣಿತದ ಪೀರಿಯಡ್ಡಿನಲ್ಲಿ ನಿದ್ದೆ ಮಾಡಲು ಯಾವ ಬೆಂಚು ಒಳ್ಳೆಯದು. ಕುರ್ಚಿಯಲ್ಲಿರುವವರು ತನ್ನ ಹೆಡ್‌ಮಾಸ್ಟರೆಂಬುದು ಅರ್ಧ ಹೇಳಿದ ಮೇಲೆ ನೆನಪಾಗಿತ್ತು.

"ಸರ್, ಇದು ಅಪ್ಪನ ತಪ್ಪಲ್ಲ. ಶುಗರ್‌ದು," ಎಂದು ಅವಳು ಮೀಟರ್ ತಂದಳು.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಮನೆಯಲ್ಲಿ ಇದೇ ಪದ್ಧತಿ. ಅಪ್ಪ ನಿಟ್ಟುಸಿರು ಬಿಟ್ಟರೆ ಮೀಟರ್. ಊಟ ಬೇಡ ಎಂದರೆ ಮೀಟರ್. ಅಪ್ಪ ತನ್ನ ನೆಚ್ಚಿನ ಕ್ರಿಕೆಟ್ ತಂಡ ಸೋತರೂ ಯಾರನ್ನೂ ಬೈಯದೆ ಕುಳಿತನೆಂದು ಅಮ್ಮ ಮೀಟರ್ ಹಿಡಿದು ಓಡಿಬಂದಿದ್ದಳು.

ಅಪ್ಪ ಸುಮ್ಮನೆ ಬೆರಳು ಚುಚ್ಚಿಕೊಂಡ. ಹೆಡ್‌ಮಾಸ್ಟರು ಅರ್ಧ ಮೀಸೆಯೊಡನೆ ಬಗ್ಗಿ ನೋಡಿದರು.

"ನಾರ್ಮಲ್," ಎಂದಳು ಪಟಾಕಿ, ಫೇಲಾದವಳ ದನಿಯಲ್ಲಿ. "ಮೀಟರ್ ಕೆಟ್ಟೋಗಿದೆ."

"ಮೀಟರ್ ಸರಿಯಾಗೇ ಇದೆ ಕಣೇ," ಎಂದ ಅಪ್ಪ.

"ಹಾಗಾದ್ರೆ ಕೆಟ್ಟಿರೋದು ಏನಯ್ಯಾ?" ಎಂದು ಹೆಡ್‌ಮಾಸ್ಟರು ಮೆಲ್ಲಗೆ ಕೇಳಿದರು.

ಅಪ್ಪ ಟವೆಲ್ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಗೊತ್ತಿಲ್ಲ ಸರ್. ಬೆಳಗ್ಗೆ ಎದ್ರೆ ಏನೂ ಬೇಡ ಅನ್ಸುತ್ತೆ. ಮಾತ್ರೆ, ಪಥ್ಯ, ಬೆರಳು ಚುಚ್ಚೋದು, ದಿನಾ ಅದೇ. ಕತೆ ಹೇಳೋಣ ಅಂತ ಬಾಯಿ ತೆಗೀತೀನಿ, ಒಳಗೆ ಏನೂ ಇರಲ್ಲ."

"ಡಾಕ್ಟರಿಗೆ ಹೇಳಿದ್ಯಾ?"

"ಅವರು ಶುಗರ್ ಎಷ್ಟು ಅಂತಾರೆ. ನಾನು ಇಷ್ಟು ಅಂತೀನಿ. ಮನೇಲೂ ಎಲ್ಲರೂ ಕೇಳೋದು ಅದನ್ನೇ."

ಪಟಾಕಿ ನೆಲ ನೋಡಿದಳು. ಬೆಳಗ್ಗೆ, ಹಲ್ಲನ್ನೂ ಉಜ್ಜದೆ, ಅವಳು ಕೇಳಿದ್ದೂ ಅದನ್ನೇ.

"ಶುಗರ್ ಇರೋರಿಗೆ ಮನಸ್ಸೂ ಹೀಗೆ ಕುಗ್ಗೋದುಂಟು. ಅದಕ್ಕೂ ಚಿಕಿತ್ಸೆ ಇದೆ. ಹೋಗಿ ಹೇಳು," ಎಂದರು ಹೆಡ್‌ಮಾಸ್ಟರು. "ಈಗ ಈ ಉಳಿದರ್ಧಾನೂ ತೆಗೆದುಬಿಡು. ಇಲ್ಲದಿದ್ರೆ ನಾಳೆ ಪ್ರೇಯರ್‌ನಲ್ಲಿ ಒಂದು ಕಡೆಯ ಸಾಲಿನೋರು ಮಾತ್ರ ನಗ್ತಾರೆ. ಇನ್ನೊಂದು ಕಡೆಯೋರಿಗೆ ಅನ್ಯಾಯ ಆಗುತ್ತೆ."

ಮರುದಿನ ಪಟಾಕಿಯೂ ಅಪ್ಪನ ಜೊತೆ ಕ್ಲಿನಿಕ್ಕಿಗೆ ಹೋದಳು. ಡಾಕ್ಟರಮ್ಮ ಮೀಟರಿನ ಅಂಕಿಗಳನ್ನು ನೋಡಿ ಹಿಗ್ಗಿದರು. "ವೆರಿ ಗುಡ್. ಇದೇ ಮಾತ್ರೆ ಮುಂದುವರಿಸಿ," ಎಂದು, ಮುಂದಿನವರನ್ನು ಕರೆಯಲು ಬೆಲ್ಲಿನ ಕಡೆ ಕೈ ಚಾಚಿದರು.

ಅಪ್ಪ ಏಳಲು ಹೊರಟ. ಪಟಾಕಿ ಅವನ ಅಂಗಿ ಹಿಡಿದೆಳೆದು ಕೂರಿಸಿದಳು.

"ಅಪ್ಪಂಗೆ ಇನ್ನೂ ಒಂದು ಹೇಳೋದಿದೆ," ಎಂದಳು.

ಡಾಕ್ಟರಮ್ಮನ ಕೈ ಬೆಲ್ಲಿನಿಂದ ಹಿಂದಕ್ಕೆ ಬಂತು. "ಹೇಳಿ."

ಅಪ್ಪ ಬಾಯಿ ತೆರೆದ. ಮುಚ್ಚಿದ. ಪಟಾಕಿಯ ನಾಲಿಗೆಯ ತುದಿಯಲ್ಲಿ ಮಾತುಗಳು ಬಸ್ಸಿಗೆ ಕಾದವರಂತೆ ನೂಕಾಡುತ್ತಿದ್ದವು. ಎಲ್ಲವನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಿತ್ತು. ತುಟಿಗಳನ್ನು ಬಿಗಿಯಾಗಿ ಕಚ್ಚಿಕೊಂಡಳು. ಕೆನ್ನೆಗಳು ಬಲೂನಿನಂತೆ ಉಬ್ಬಿದವು, ಕಿವಿ ಕೆಂಪಾಯಿತು. ಆದರೂ ಹೇಳಲಿಲ್ಲ.

ಹೊರಗೆ ಯಾರೋ ಕೆಮ್ಮಿದರು. ಡಾಕ್ಟರಮ್ಮ ಕಾದರು. ಪಟಾಕಿಯೂ ಕಾದಳು.

"ನಂಗೆ," ಎಂದ ಅಪ್ಪ, "ಬಹಳ ದಿನದಿಂದ ನಗು ಬರ್ತಿಲ್ಲ ಡಾಕ್ಟ್ರೇ."