ನಡುವೆ ಬಿಟ್ಟುಹೋದ ‘ಪಾಪ’

“ಈಗ ಪಾಸ್‌ವರ್ಡ್ ಹಾಕಿ,” ಎಂದವನೇ ಅವನು ಕುರ್ಚಿಯಿಂದ ಎದ್ದು, ಕಿಟಕಿಯ ಕಡೆ ಮುಖ ಮಾಡಿ, ಅವಳಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟ.

ಅವನು ಬಂದಾಗಿನಿಂದ ತಾನು ನೂರೆಂಟು ಪ್ರಶ್ನೆ ಕೇಳಿ ತಲೆ ತಿಂದದ್ದು ಹೆಚ್ಚಾಯಿತೇನೋ ಎನಿಸಿತು ಅವಳಿಗೆ.

“ಸಿಟ್ಟು ಬಂತಾ?”

“ಯಾಕೆ ಸಿಟ್ಟು?” ಅವನು ತಿರುಗಲಿಲ್ಲ. “ಬೀಗ ನಿಮ್ಮದು, ಕೀಲಿನೂ ನಿಮ್ಮದೇ. ನಾನು ನೋಡಿಬಿಟ್ರೆ ಅದು ಬೀಗ ಅಲ್ಲ, ಬಾಗಿಲ ಮೇಲೆ ಬರೆದ ಬೀಗದ ಚಿತ್ರ.”

ಬೀದಿಯ ತುದಿಯಲ್ಲಿ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅವಳ ಮಗಳಿಗೆ ಅವನು ಮೊದಲ ದಿನದಿಂದಲೇ ‘ರಿಪೇರಿ ಮಾಮ’. ಹಳೆಯ ಕಂಪ್ಯೂಟರ್ ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿದಾಗ ಅವಳೇ ಹೋಗಿ ಕರೆದುಕೊಂಡು ಬಂದಿದ್ದಳು. ಅವನು ಕಿವಿಗೊಟ್ಟು ಕೇಳಿ, ವೈದ್ಯರು ಹೇಳುವ ಹಾಗೆ ಮೆತ್ತಗೆ ಹೇಳಿದ್ದ: “ಇದರ ಡಿಸ್ಕ್‌ಗೆ ವಯಸ್ಸಾಗಿದೆ. ಯಾವತ್ತು ಬೇಕಾದ್ರೂ ನಿಲ್ಲಬಹುದು. ಒಳಗೆ ಮುಖ್ಯವಾದದ್ದು ಏನಿದೆ?”

“ನನ್ನ ಯಜಮಾನರು,” ಎಂದಿದ್ದಳು ಅವಳು.

ಅವನು ನಗಲಿಲ್ಲ. ಅದೇ ಅವಳಿಗೆ ಅವನಲ್ಲಿ ಮೊದಲು ಹಿಡಿಸಿದ್ದು.

ಗಂಡ ತೀರಿಕೊಳ್ಳುವ ಮುಂಚೆ, ಕಾಯಿಲೆಯ ದಿನಗಳಲ್ಲಿ ಇದೇ ಮೇಜಿನ ಮುಂದೆ ಮೈಕ್ ಇಟ್ಟುಕೊಂಡು, ಆಗಿನ್ನೂ ಅಂಬೆಗಾಲಿಡುತ್ತಿದ್ದ ಮಗಳಿಗಾಗಿ ಕಥೆಗಳನ್ನು ಹೇಳಿಟ್ಟುಹೋಗಿದ್ದ. ಪ್ರತಿ ಕಥೆಯ ನಡುವೆಯೂ “ಆಮೇಲೇನಾಯ್ತು, ಹೇಳು?” ಎಂದು ಕೇಳಿ ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದ. ಮಾತು ಬಾರದ ಕೂಸಿಗೆ, ಮುಂದೊಂದು ದಿನ ಮಾತು ಬರುತ್ತದೆಂದು ಬಿಟ್ಟುಹೋದ ಜಾಗ ಅದು. ಈಗ ಮಗಳು ಶಾಲೆಗೆ ಹೋಗುತ್ತಾಳೆ. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಅಪ್ಪನ ಕಥೆ ಬೇಕೇ ಬೇಕು. ಅಪ್ಪ ಕೇಳುತ್ತಾನೆ, ಮಗಳು ಉತ್ತರ ಕೊಡುತ್ತಾಳೆ, ಅಪ್ಪ “ಹೂಂ, ಜಾಣೆ” ಎಂದು ಮುಂದುವರಿಯುತ್ತಾನೆ.

ಕಥೆಗಳ ಜೊತೆಗೆ, ಅವಳೊಬ್ಬಳಿಗೇ ಹೇಳಿದ ಮಾತುಗಳೂ ಒಂದಿಷ್ಟಿದ್ದವು. ಅವನ್ನು ಅವಳು ಯಾರಿಗೂ ಕೇಳಿಸಿರಲಿಲ್ಲ.

“ಒಂದೇ ಕಡೆ ಇಟ್ಕೊಂಡ್ರೆ ಕಷ್ಟ,” ಎಂದಿದ್ದ ರಿಪೇರಿಯವನು. “ಇನ್ನೊಂದು ಪ್ರತಿ ಮಾಡಿ ಮನೆಯಿಂದ ಹೊರಗಿಡೋಣ. ಹೊರಗಿಡೋದು ಅಂದ್ಮೇಲೆ ಬೀಗ ಇರಲಿ. ಆ ಪ್ರತಿ ಯಾರ ಕೈಗೆ ಸಿಕ್ಕಿದ್ರೂ ಪಾಸ್‌ವರ್ಡ್ ಇಲ್ಲದೆ ಒಂದಕ್ಷರ, ಒಂದು ದನಿ ಹೊರಗೆ ಬರಲ್ಲ. ಆದ್ರೆ ಒಂದು ಮಾತು. ಪಾಸ್‌ವರ್ಡ್ ಮರೆತರೆ ನಾನೂ ತೆರೆಯೋಕಾಗಲ್ಲ. ಆ ಬೀಗ ಮಾಡಿದವರೂ ತೆರೆಯೋಕಾಗಲ್ಲ.”

ಈಗ ಅವಳ ಮುಂದೆ ಖಾಲಿ ಚೌಕವೊಂದು ಕಣ್ಣು ಮಿಟುಕಿಸುತ್ತಿತ್ತು.

“ಮಗಳ ಹೆಸರು ಬೇಡ, ಹುಟ್ಟಿದ ದಿನ ಬೇಡ,” ಎಂದ ಅವನು ಕಿಟಕಿಗೇ ಹೇಳುವವನಂತೆ. “ಉದ್ದ ಇರಲಿ, ಒಂದು ವಾಕ್ಯದ ಥರ. ಯಾರೂ ಊಹಿಸದಂಥದ್ದು. ಕನ್ನಡದ ಮಾತೇ ಇರಲಿ, ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ.”

ಅವಳು ಪಠ್ಯಪುಸ್ತಕಗಳ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ದಿನವಿಡೀ ಬೇರೆಯವರ ವಾಕ್ಯಗಳ ನಡುವೆ ಓಡಾಡುವವಳಿಗೆ ತನ್ನದೇ ಒಂದು ವಾಕ್ಯ ಹೊಳೆಯಲಿಲ್ಲ. ತಲೆಯೆತ್ತಿದಳು. ಎದುರಿಗೆ ಅವನ ಬೆನ್ನು. ತೊಳೆದು ತೊಳೆದು ಮಾಸಿದ ನೀಲಿ ಶರ್ಟು. ಕಾಲರಿನ ಹಿಂದೆ ಹೊಲಿಗೆ ಬಿಟ್ಟು, ಬಿಳಿಯ ದಾರವೊಂದು ನೇತಾಡುತ್ತಿತ್ತು. ಫ್ಯಾನಿನ ಗಾಳಿಗೆ ಅದು ಆಚೆ ಈಚೆ ಆಡುತ್ತಿತ್ತು. ಮದುವೆ ಮುರಿದು ಬಹಳ ವರ್ಷವಾಯಿತಂತೆ, ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇರುತ್ತಾನಂತೆ ಎಂದು ಯಾರೋ ಹೇಳಿದ್ದು ನೆನಪಾಯಿತು.

ಅವಳ ಬೆರಳು ತಾವಾಗಿಯೇ ಹೊರಟವು. ಕಂಡದ್ದನ್ನು ಕಂಡ ಹಾಗೆ ಹೊಡೆದಳು. ಇನ್ನೊಮ್ಮೆ ಹೊಡೆಯಿರಿ ಎಂದು ಕೇಳಿತು; ಇನ್ನೊಮ್ಮೆ ಹೊಡೆದಳು.

“ಆಯ್ತಾ?”

“ಆಯ್ತು.”

ಅವನು ತಿರುಗಿದಾಗ ಕಿವಿಯ ತುದಿ ಯಾಕೋ ಕೆಂಪಾಗಿತ್ತು. ಬಿಸಿಲಿಗೆ ನಿಂತದ್ದಕ್ಕಿರಬೇಕು ಎಂದುಕೊಂಡಳು.

“ಒಂದು ಚೀಟಿಲಿ ಬರೆದು, ನಂಬಿಕೆಯವರ ಹತ್ರ ಕೊಟ್ಟಿಡಿ. ಮುಂದಿನ ವಾರ ಬಂದು, ಹೊಸದಾಗಿ ತೆರೆದು ನೋಡೋಣ. ತೆರೆದು ನೋಡೋ ತನಕ ಬ್ಯಾಕಪ್ ಆಗಿದೆ ಅಂತ ನಾನು ಒಪ್ಪಲ್ಲ.”

ಅವಳು ತಲೆಯಾಡಿಸಿದಳು. ಆದರೆ ಬರೆಯುವುದಾದರೂ ಹೇಗೆ? ಗಂಡನ ದನಿಗೆ ಹಾಕಿದ ಬೀಗದಲ್ಲಿ ಇನ್ನೊಬ್ಬ ಗಂಡಸಿನ ಕಾಲರಿನ ಸುದ್ದಿ. ಅಕ್ಕನ ಕೈಗೆ ಕೊಟ್ಟರೆ ಅಕ್ಕ ಏನೆಂದಾಳು? ಬರೆಯಲಿಲ್ಲ.

*

ಬ್ಯಾಕಪ್ ತನ್ನ ಪಾಡಿಗೆ ನಡೆಯುತ್ತಿತ್ತು. ಪ್ರತಿಯ ಡಿಸ್ಕನ್ನು ಪ್ರೆಸ್ಸಿನ ಡ್ರಾಯರಿನಲ್ಲಿಟ್ಟು, ಆಗಾಗ ತಂದು ಸೇರಿಸುತ್ತಿದ್ದಳು. ಕಂಪ್ಯೂಟರಿಗೆ ಪಾಸ್‌ವರ್ಡ್ ನೆನಪಿತ್ತು. ಅವಳನ್ನು ಕೇಳುವ ಪ್ರಮೇಯವೇ ಬರಲಿಲ್ಲ.

ಅವನೂ ಬರುತ್ತಿದ್ದ. ಒಮ್ಮೆ ಮೌಸ್ ನೋಡುವ ನೆಪ, ಒಮ್ಮೆ ಪ್ರಿಂಟರ್.

“ಆ ಟೆಸ್ಟ್ ಒಂದು ಮುಗಿಸಿಬಿಡೋಣ್ವಾ?”

“ಮುಂದಿನ ವಾರ.”

“ನಿಮ್ಮ ಮುಂದಿನ ವಾರ ಯಾವ ಕ್ಯಾಲೆಂಡರ್‌ನಲ್ಲಿ ಬರುತ್ತೆ? ಆ ಕ್ಯಾಲೆಂಡರ್ ನನಗೂ ಒಂದು ಕೊಡಿ.”

ಅವಳು ನಕ್ಕು ಮಾತು ಹಾರಿಸುತ್ತಿದ್ದಳು. ಅವನ ಎದುರಿಗೆ ಆ ವಾಕ್ಯವನ್ನು ಮತ್ತೆ ಹೊಡೆಯುವುದು ಅವಳಿಗೆ ಬೇಕಿರಲಿಲ್ಲ. ಅವನು ಹೋಗುವಾಗ ಬಾಗಿಲವರೆಗೆ ಹೋಗಿ ನಿಲ್ಲುತ್ತಿದ್ದಳು. ಅದೇ ನೀಲಿ ಶರ್ಟು. ಅದೇ ದಾರ, ಇನ್ನೂ ಒಂದಿಷ್ಟು ಉದ್ದವಾಗಿ. ಕತ್ತರಿಸಿಬಿಡಲೇ ಎಂದು ಬೆರಳು ತುಡಿಯುತ್ತಿದ್ದವು. ಆಮೇಲೆ ಒಳಗೆ ಬಂದು, ಗೋಡೆಯ ಮೇಲಿನ ಗಂಡನ ಫೋಟೋ ಕಡೆ ನೋಡದೆ ಅಡುಗೆಮನೆಗೆ ನಡೆಯುತ್ತಿದ್ದಳು.

ಅದೊಂದು ಬೆಳಿಗ್ಗೆ ಆಮೆಯ ಕಥೆ ನಡೆದಿತ್ತು. ಮಗಳ ಜಡೆಗೆ ಮೂರು ಎಳೆ ಮಾಡಿ ಹಿಡಿದಿದ್ದಳು. “ಆಮೇಲೇನಾಯ್ತು...” ಎಂದಿತು ಗಂಡನ ದನಿ. “ಹೇಳು” ಎನ್ನುವ ಮೊದಲೇ ಕಂಪ್ಯೂಟರಿನ ಒಳಗೆ ಕರಕರ ಎಂದು, ತೆರೆ ಕಪ್ಪಾಯಿತು.

ಮಗಳು ಉತ್ತರ ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾ ಕೂತಿದ್ದಳು.

*

ರಿಪೇರಿಯವನು ಬಂದು ಹೊಸ ಡಿಸ್ಕ್ ಹಾಕಿದ. ಅವಳು ಪ್ರೆಸ್ಸಿನಿಂದ ಪ್ರತಿಯನ್ನು ತಂದಳು. ಖಾಲಿ ಚೌಕ ಮತ್ತೆ ಕಣ್ಣು ಮಿಟುಕಿಸಿತು. ಈ ಸಲ ಅವನು ಬೆನ್ನು ತಿರುಗಿಸಿ ನಿಲ್ಲಲಿಲ್ಲ; ಎದ್ದು ಹೊರಗಿನ ಮೆಟ್ಟಿಲಿಗೇ ಹೋಗಿ ಕೂತ. ಅವಳು ವಾಕ್ಯವನ್ನು ಹೊಡೆದಳು.

ಪಾಸ್‌ವರ್ಡ್ ತಪ್ಪು ಎಂದಿತು.

ದೀರ್ಘಕ್ಕೆ ಎರಡು ಇಂಗ್ಲಿಷ್ ಅಕ್ಷರ ಹಾಕಿ ನೋಡಿದಳು, ಒಂದು ಹಾಕಿ ನೋಡಿದಳು. ಪದ ಬಿಡಿಸಿ ನೋಡಿದಳು, ಕೂಡಿಸಿ ನೋಡಿದಳು. ಮಧ್ಯಾಹ್ನವಾಯಿತು. ತಪ್ಪು, ತಪ್ಪು, ತಪ್ಪು.

“ಮರೆತಿದ್ದೀರಾ?” ಎಂದ ಅವನು ಒಳಗೆ ಬಂದು.

“ಮರೆಯೋಕೆ ಸಾಧ್ಯವೇ ಇಲ್ಲ.” ಹೇಳಿದ ಮೇಲೆ ಮುಖ ಬಿಸಿಯಾಯಿತು.

“ಹಾಗಾದ್ರೆ ಡಿಸ್ಕ್‌ಗೇ ಏನೋ ಪೆಟ್ಟು ಬಿದ್ದಿದೆ. ಅಂಗಡಿಗೆ ತಗೊಂಡು ಹೋಗ್ತೀನಿ. ನಾನು ಕೈಬಿಡಲ್ಲ.”

ಆ ದಿನಗಳಲ್ಲಿ ಮಗಳು ಜಡೆಗೆ ಕೂರಲು ಹಟ ಮಾಡಲಿಲ್ಲ. ಹಟ ಮಾಡಿದ್ದರೇ ಚೆನ್ನಾಗಿತ್ತು. ಸುಮ್ಮನೆ ಕೂರುತ್ತಿದ್ದಳು. ಒಂದು ಬೆಳಿಗ್ಗೆ ತಿರುಗದೆಯೇ ಕೇಳಿದಳು: “ಅಮ್ಮಾ, ಅಪ್ಪ ‘ಆಮೇಲೆ’ ಅಂತ ಹೇಗೆ ಹೇಳ್ತಿದ್ದ? ನಾನು ಹೇಳಿದ್ರೆ ನನ್ನ ಥರಾನೇ ಬರುತ್ತೆ.”

ಬಾಚಣಿಗೆ ಕೂದಲಲ್ಲೇ ನಿಂತಿತು. ಅವಳಿಗೂ ಆ ದನಿ ಥಟ್ಟನೆ ನೆನಪಾಗಲಿಲ್ಲ.

ಮಗಳನ್ನು ಶಾಲೆಗೆ ಬಿಟ್ಟು ನೇರ ಅವನ ಅಂಗಡಿಗೆ ಹೋದಳು.

*

ಅವನ ಕಣ್ಣು ಗುಳಿಬಿದ್ದಿದ್ದವು. ಗಡ್ಡ ಬೆಳೆದಿತ್ತು. ಮೇಜಿನ ಮೇಲೆ ಅವಳ ಡಿಸ್ಕನ್ನು ಮೆತ್ತನೆ ಬಟ್ಟೆಯ ಮೇಲಿಟ್ಟಿದ್ದ.

“ಇದಕ್ಕೇನೂ ಆಗಿಲ್ಲ,” ಎಂದ. “ಎಲ್ಲಾ ಥರ ನೋಡಿದೆ. ಒಂದು ಗೀರೂ ಇಲ್ಲ. ಬೀಗ ಸರಿಯಾಗಿದೆ, ಕೀಲಿಯೇ ಬೇರೆ.” ಡಿಸ್ಕನ್ನು ಅವಳ ಕಡೆ ಸರಿಸಿ, “ನೀವು ನನಗೆ ಹೇಳೋದು ಬೇಡ. ನಾನು ಆಚೆ ಹೋಗ್ತೀನಿ. ಪದ ಪದವಾಗಿ ಈ ಪ್ರೋಗ್ರಾಮ್‌ಗೆ ಕೊಡಿ, ಅದೇ ಬೇರೆ ಬೇರೆ ಥರ ಬರೆದು ನೋಡುತ್ತೆ” ಎಂದು ಎದ್ದ.

“ಕೂತ್ಕೊಳ್ಳಿ.”

ಅವನು ಕೂತ.

“ಹೇಳಿಬಿಡ್ತೀನಿ. ಬಚ್ಚಿಟ್ಟು ಬಚ್ಚಿಟ್ಟು, ನನ್ನ ಮಗುವಿಂದ ಅವಳ ಅಪ್ಪನನ್ನೇ ಬಚ್ಚಿಟ್ಟುಬಿಟ್ಟೆ.” ಅವಳು ನೆಲ ನೋಡಿದಳು. ಕರಡು ಓದುವಾಗಿನ ಅದೇ ಸ್ಪಷ್ಟ, ಒಣ ದನಿಯಲ್ಲಿ ಹೇಳಿದಳು: “ಕಾಲರಿನ ಹಿಂದೆ ದಾರ. ಹೇಳುವವರು ಯಾರೂ ಇಲ್ಲ.”

ಹೊರಗೆ ಯಾವುದೋ ಗಾಡಿ ಹಾದುಹೋಯಿತು.

“ನಿಮ್ಮ ಬಗ್ಗೆಯೇ,” ಎಂದಳು ಇನ್ನೂ ನೆಲ ನೋಡುತ್ತಾ. “ನಗಬೇಡಿ.”

“ಅದಲ್ಲ,” ಎಂದ ಅವನು.

“ಏನು?”

“ಅದಲ್ಲ ನೀವು ಹೇಳಿದ್ದು. ಅವತ್ತು ನೀವು ಹೇಳಿದ್ದು, ‘ಕಾಲರ್ ಹಿಂದೆ ದಾರ, ಪಾಪ, ಹೇಳೋರು ಯಾರೂ ಇಲ್ಲ.’ ಆಡುಮಾತನ್ನ ತಿದ್ದಿಬಿಟ್ಟಿದ್ದೀರಿ, ನಡುವೆ ‘ಪಾಪ’ನೂ ಬಿಟ್ರಿ.”

ಹೇಳಿದ ಮೇಲೆ ಅವನಿಗೂ ಗೊತ್ತಾಯಿತು, ತಾನು ಏನು ಹೇಳಿಬಿಟ್ಟೆನೆಂದು. ಕಿವಿಯ ತುದಿಗಳು ಕೆಂಪಾದವು. ಅಂಗಡಿಯೊಳಗೆ ಬಿಸಿಲಿರಲಿಲ್ಲ.

“ನಿಮಗೆ ಹೇಗೆ ಗೊತ್ತು?”

“ಟೈಪ್ ಮಾಡುವಾಗ ನೀವು ಮೆಲ್ಲಗೆ ಹೇಳ್ಕೋತೀರಿ. ನಿಮಗೇ ಗೊತ್ತಿಲ್ಲ ಅನ್ಸುತ್ತೆ. ಕಣ್ಣಿಗಾದ್ರೆ ಬೆನ್ನು ತಿರುಗಿಸಬಹುದು, ಕಿವಿಗೆ ಏನು ಮಾಡೋದು?”

“ಹಾಗಾದ್ರೆ ಇಷ್ಟು ದಿನ? ಮಗು ಒಳಗೊಳಗೇ ಕೊರಗ್ತಿತ್ತು. ನೀವು ಗೊತ್ತಿದ್ದೂ...”

“ಇಲ್ಲ, ಇಲ್ಲ.” ಅವನು ಎದ್ದೇ ನಿಂತ. “ನೀವು ಅದನ್ನೇ ಹೊಡೀತಿದ್ದೀರಿ ಅಂದ್ಕೊಂಡಿದ್ದೆ. ಮೆಟ್ಟಿಲ ಮೇಲಿದ್ದೆನಲ್ಲ, ಕೇಳಿಸಲಿಲ್ಲ. ನೀವು ಮರೆಯೋಕೆ ಸಾಧ್ಯವಿಲ್ಲ ಅಂದ್ರಿ, ನಾನು ನಂಬಿದೆ. ಡಿಸ್ಕ್‌ನಲ್ಲೇ ತಪ್ಪು ಹುಡುಕ್ತಾ ಕೂತೆ.” ದನಿ ಇಳಿಸಿ ಹೇಳಿದ: “ಅವತ್ತೇ ಹೇಳಬೇಕಿತ್ತು, ಕೇಳಿಸ್ತು, ಬದಲಾಯಿಸಿ ಅಂತ. ಅದು ನನ್ನ ಕೆಲಸ. ಹೇಳೋಕೆ ಮನಸ್ಸಾಗಲಿಲ್ಲ. ಬದಲಾಯಿಸಿದ್ರೆ ಆ ಮಾತೇ ಇಲ್ಲವಾಗುತ್ತಲ್ಲ. ನನ್ನನ್ನ ನೋಡಿ ಯಾರಾದ್ರೂ ‘ಪಾಪ’ ಅಂದು ಎಷ್ಟು ಕಾಲವಾಗಿತ್ತೋ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೇರೆಯವರ ಕರಡಿನಲ್ಲಿ ಇಂಥ ‘ಪಾಪ’, ‘ಅಯ್ಯೋ’, ‘ಛೆ’ ಕಂಡರೆ ಹೊಡೆದುಹಾಕುವುದು ಅವಳ ಅಭ್ಯಾಸ. ತನ್ನ ವಾಕ್ಯವನ್ನೂ ತನಗೆ ತಿಳಿಯದೆಯೇ ತಿದ್ದಿ, ಚೊಕ್ಕ ಮಾಡಿ, ಅದರೊಳಗಿನ ಮರುಕವೊಂದನ್ನೇ ಕಿತ್ತುಹಾಕಿದ್ದಳು.

“ಯಜಮಾನರ ದನಿಗೆ ನಿಮ್ಮ ಬಗ್ಗೆಯ ಮಾತೇ ಬೀಗ,” ಎಂದಳು. “ಪಾಪ ಅಲ್ವಾ ಇದು?”

“ಪಾಪವೇ. ಆದ್ರೆ ಆ ಪಾಪ ಅಲ್ಲ, ಈ ಪಾಪ.”

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ, ಎಷ್ಟು ತಡೆದರೂ ನಿಲ್ಲದೆ, ಕಣ್ಣೀರು.

ಅವಳು ಹೊಡೆದಳು. ಅವನು ಬೆನ್ನು ತಿರುಗಿಸಿ ನಿಂತಿದ್ದ, ಈಗ ಅದಕ್ಕೇನೂ ಅರ್ಥವಿಲ್ಲದಿದ್ದರೂ. ಚೌಕ ಮಾಯವಾಯಿತು. ಕಥೆಗಳು ಒಂದರ ಕೆಳಗೊಂದು ಬಂದು ನಿಂತವು: ಆಮೆ, ಗಡಿಯಾರದ ಗುಬ್ಬಿ, ನಿದ್ದೆ ಬಾರದ ರೈಲು. ಅವಳ ಕೈ ಆಮೆಯ ಮೇಲೆ ಹೋದಾಗ ಅವನು ಸ್ಪೀಕರಿನ ವೈರನ್ನು ಮೆಲ್ಲಗೆ ಕಿತ್ತ.

“ಇಲ್ಲಿ ಬೇಡ. ಮೊದಲು ಮಗು ಕೇಳಲಿ.”

*

ಮರುದಿನ ಬೆಳಿಗ್ಗೆ ಅವನು ಬಂದು ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿದ. ಮಗಳು ಬಾಚಣಿಗೆ ತಂದು ಅಮ್ಮನ ಮುಂದೆ ಕೂತಳು.

“ಆಮೇಲೇನಾಯ್ತು, ಹೇಳು?” ಎಂದ ಅಪ್ಪ.

ಮಗಳು ಒಮ್ಮೆ ಉಸಿರೆಳೆದುಕೊಂಡಳು. “ಆಮೆ ಮನೆ ಒಳಗೇ ಹೋಗಿ ಮಲಗ್ತು. ಯಾಕಪ್ಪಾ ಇಷ್ಟು ದಿನ ಬರ್ಲಿಲ್ಲ?”

“ಹೂಂ, ಜಾಣೆ,” ಎಂದ ಅಪ್ಪ.

ರಿಪೇರಿಯವನು ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಅವನ ಭುಜ ಒಮ್ಮೆ ಏರಿ ಇಳಿದದ್ದು ಅವಳಿಗೆ ಕಂಡಿತು.

ಮಗಳು ಚೀಲ ಹುಡುಕಲು ಒಳಗೆ ಓಡಿದ ಮೇಲೆ ಅವಳು ರಿಬ್ಬನ್ನಿನ ಡಬ್ಬಿಯಿಂದ ಕತ್ತರಿ ತೆಗೆದುಕೊಂಡು ಅವನ ಹಿಂದೆ ಬಂದು ನಿಂತಳು. ಈ ಸಲ ಗೋಡೆಯ ಫೋಟೋವನ್ನು ನೇರವಾಗಿಯೇ ನೋಡಿ ಬಂದಿದ್ದಳು.

“ನಿಮ್ಮ ಕಾಲರಿನ ಹಿಂದೆ ಒಂದು ದಾರ ಇದೆ.”

“ಗೊತ್ತು.”

“ಗೊತ್ತಿದ್ದೂ ಕತ್ತರಿಸಲಿಲ್ವಾ?”

“ನೀವು ಹೇಳ್ಲಿ ಅಂತ.”

ಕತ್ತರಿ ಮೆಲ್ಲಗೆ ಆಡಿತು. ದಾರ ಅವಳ ಅಂಗೈಗೆ ಬಿತ್ತು. ಅವಳ ಬೆರಳು ಕಾಲರಿನ ಮೇಲೆ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತವು. ಅವನು ತಿರುಗಲಿಲ್ಲ.

“ಈಗ ಪಾಸ್‌ವರ್ಡ್ ಬದಲಾಯಿಸಬೇಕು,” ಎಂದ. “ನನಗೆ ಗೊತ್ತಾಗಿದೆ. ಅದು ನಿಯಮ.”

“ನಂಬಿಕೆಯವರ ಹತ್ರ ಬರೆದು ಕೊಟ್ಟಿಡಿ ಅಂತ ಹೇಳಿದವರೂ ನೀವೇ.” ಅವಳು ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ನಾನು ಮತ್ತೆ ‘ಪಾಪ’ ಮರೆತರೆ ಯಾರು ನೆನಪಿಸ್ತಾರೆ? ಅದು ನಿಮ್ಮ ಹತ್ರಾನೇ ಇರಲಿ. ಈ ಕಡೆ ತಿರುಗಿ.”

ಅವನು ತಿರುಗಿದ.